ಸ್ಲ್ಯಾಬಿನೊಳಗೆ ಪೈಪು: ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಪ್ರಶ್ನೆ: ತುಮಕೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ ಸರ್. ನೆಲಮಹಡಿಯ ಮೋಲ್ಡ್ ಮುಂದಿನ ವಾರ. ಸ್ಲ್ಯಾಬ್ 5 ಇಂಚು, ರೂಮುಗಳು ಹತ್ತು ಅಡಿ ಅಗಲ, ಮುಂದೆ 4 ಅಡಿ ಬಾಲ್ಕನಿ. ಎಲೆಕ್ಟ್ರಿಷಿಯನ್ ಕಂಬಿಗಳ ನಡುವೆ ಪೈಪ್ ಎಳೆದಿದ್ದಾನೆ. ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಬರುವ ಗೋಡೆಯ ಹತ್ತಿರ ಹತ್ತು-ಹನ್ನೆರಡು ಪೈಪು ಒಂದಕ್ಕೊಂದು ಅಂಟಿಕೊಂಡೇ ಇಳಿದಿವೆ. ಮೇಲಿನ ಬಾತ್‌ರೂಮಿನ ನೀರಿನ ಲೈನನ್ನೂ 4 ಇಂಚಿನ ವೇಸ್ಟ್ ಪೈಪನ್ನೂ ಸ್ಲ್ಯಾಬಿನಲ್ಲೇ ಹಾಕಿಬಿಡೋಣ, ಸಂಕನ್ ಖರ್ಚು ಉಳಿಯುತ್ತೆ ಅಂತ ಪ್ಲಂಬರ್ ಹೇಳ್ತಾನೆ. ಸ್ಲ್ಯಾಬಿನಲ್ಲಿ ಒಂದು ಪೈಪೂ ಇರಕೂಡದು, ಬಲ ಹೋಗುತ್ತೆ ಅಂತ ನಮ್ಮ ಭಾವ. 6 ಇಂಚು ಹಾಕಿಸಿ, ಎಲ್ಲ ಸರಿಹೋಗುತ್ತೆ ಅಂತ ಮೇಸ್ತ್ರಿ. ಯಾರ ಮಾತು ಕೇಳೋಣ?

ಉತ್ತರ: ನಿಮ್ಮ ಭಾವನವರ ಮಾತಿನಲ್ಲೂ ಮೇಸ್ತ್ರಿಯ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ. ಪ್ಲಂಬರ್ ಮಾತಿನಲ್ಲಿ ಏನೂ ಇಲ್ಲ. ಅದನ್ನು ಮೊದಲು ಮುಗಿಸಿಬಿಡುತ್ತೇನೆ.

4 ಇಂಚಿನ ವೇಸ್ಟ್ ಪೈಪಿನ ಹೊರವ್ಯಾಸ 110 ಮಿ.ಮೀ. ನಿಮ್ಮ ಸ್ಲ್ಯಾಬಿನ ದಪ್ಪ 125 ಮಿ.ಮೀ. ಕೆಳಗೂ ಮೇಲೂ ಸೇರಿ ಉಳಿಯುವುದು 15 ಮಿ.ಮೀ. ಅಷ್ಟರಲ್ಲಿ ಕಂಬಿ ಇರಬೇಕು, ಕಂಬಿಗೆ ಕವರ್, ಅಂದರೆ ಅದನ್ನು ಮುಚ್ಚುವ ಕಾಂಕ್ರೀಟಿನ ಪದರ ಇರಬೇಕು, 20 ಮಿ.ಮೀ. ಜಲ್ಲಿ ಹೋಗಬೇಕು. ಅದರ ಮೇಲೆ ವೇಸ್ಟ್ ಪೈಪಿಗೆ ಇಳಿಜಾರು ಬೇರೆ ಬೇಕು. ಅಲ್ಲಿ ಆಗುವುದು ಸ್ಲ್ಯಾಬ್ ಅಲ್ಲ, ಪೈಪಿನ ಉದ್ದಕ್ಕೂ ಒಂದು ಸೀಳು. ವೇಸ್ಟ್ ಲೈನಿಗೆ ಎರಡೇ ದಾರಿ. ಒಂದು, ಬಾತ್‌ರೂಮಿನ ಭಾಗವನ್ನು ತಗ್ಗಿಸಿ ಸಂಕನ್ ಮಾಡುವುದು. ಇಲ್ಲವೇ ಪೈಪನ್ನು ನೇರವಾಗಿ ಸ್ಲ್ಯಾಬ್ ದಾಟಿಸಿ ಕೆಳಗೆ ತೂಗುಹಾಕಿ ಫಾಲ್ಸ್ ಸೀಲಿಂಗಿನಲ್ಲಿ ಮುಚ್ಚುವುದು. ಸೋರಿದರೆ ಕೈಗೆ ಸಿಗುತ್ತದೆ ಎಂಬ ಕಾರಣಕ್ಕೆ ನನಗೆ ಎರಡನೆಯದೇ ಇಷ್ಟ. ಆದರೆ ಕೆಳಗಿನ ಕೋಣೆ ಅಡುಗೆಮನೆಯೋ ದೇವರಮನೆಯೋ ಆಗಿದ್ದರೆ ಮನೆಯವರು ಒಪ್ಪುವುದಿಲ್ಲ ಎಂಬುದೂ ಗೊತ್ತು.

ನೀರಿನ ಲೈನು 20-25 ಮಿ.ಮೀ. ಮಾತ್ರ, ಗಾತ್ರದ ದೃಷ್ಟಿಯಿಂದ ಸ್ಲ್ಯಾಬಿನೊಳಗೆ ಹಿಡಿಸುತ್ತದೆ. ಆದರೂ ಬೇಡ. ಬಿಸಿನೀರಿಗೆ ಬಳಸುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಬಿಸಿಗೆ ಹಿಗ್ಗುವ ಪ್ರಮಾಣ ಕಾಂಕ್ರೀಟಿನ ಆರು ಪಟ್ಟಿಗಿಂತ ಹೆಚ್ಚು. ಗೀಸರಿನಿಂದ ಬರುವ ನೀರು ಪೈಪಿನ ಉಷ್ಣತೆಯನ್ನು 40 ಡಿಗ್ರಿ ಏರಿಸಿದರೆ, ತಡೆಯಿಲ್ಲದ 3 ಮೀಟರ್ ಪೈಪು 7-8 ಮಿ.ಮೀ. ಉದ್ದವಾಗುತ್ತದೆ. ಕಾಂಕ್ರೀಟು ಅದನ್ನು ಹಿಡಿದುಕೊಂಡಿರುವುದರಿಂದ ದಿನಕ್ಕೆರಡು ಸಲ ಆ ಒತ್ತಡವೆಲ್ಲ ಎಲ್ಬೋ, ಟೀಗಳ ಜಾಯಿಂಟಿಗೆ ಬೀಳುತ್ತದೆ. ಒಂದು ಜಾಯಿಂಟು ಬೆವರಲು ಶುರುವಾದರೆ ಹುಡುಕುವುದೂ ಕಷ್ಟ, ಸರಿಮಾಡುವುದಂತೂ ಸ್ಲ್ಯಾಬ್ ಒಡೆದೇ. ಅಷ್ಟರಲ್ಲಿ ನೀರು ಕಂಬಿಗೆ ಮುಟ್ಟಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ ಎರಡು ಪಟ್ಟಿಗೂ ಮೀರಿ ಉಬ್ಬಿ ಕೆಳಗಿನ ಕವರನ್ನು ಹೊಪ್ಪಳಿಕೆಯಾಗಿ ಕಿತ್ತು ಬೀಳಿಸುತ್ತದೆ. ಹಳೆಯ ಮನೆಗಳ ಬಾತ್‌ರೂಮಿನ ಕೆಳಗೆ ಕಂಬಿ ಹಲ್ಲುಕಿರಿದ ಸೀಲಿಂಗ್ ನೀವೂ ನೋಡಿರುತ್ತೀರಿ. ನೀರಿನ ಲೈನನ್ನು ಗೋಡೆಯ ಗಾಡಿಯಲ್ಲಿ (ಕೊರೆದ ತೋಡಿನಲ್ಲಿ) ಅಥವಾ ಮಹಡಿಯ ಟೈಲ್ಸ್ ಕೆಳಗಿನ ಬೆಡ್‌ನಲ್ಲಿ ಒಯ್ಯಿರಿ. ಎರಡು-ಮೂರು ಇಂಚಿನ ಬೆಡ್ ಹೇಗೂ ಹಾಕುತ್ತೀರಿ.

ಇನ್ನು ಕರೆಂಟಿನ ಪೈಪು. ನಿಮ್ಮ ಮುಖ್ಯ ಪ್ರಶ್ನೆ ಇದೇ. ಇಲ್ಲಿ ಭಾವನವರ ಭಯಕ್ಕೆ ಎಷ್ಟು ಆಧಾರವಿದೆ ಎಂದು ಲೆಕ್ಕ ಹಾಕಿಯೇ ನೋಡೋಣ.

ಹತ್ತು ಅಡಿ ರೂಮಿನ ಮೇಲೆ 125 ಮಿ.ಮೀ. ಸ್ಲ್ಯಾಬು, ಎಂ20 ದರ್ಜೆಯ ಕಾಂಕ್ರೀಟು, 8 ಮಿ.ಮೀ. ಕಂಬಿ 150 ಮಿ.ಮೀ.ಗೆ ಒಂದರಂತೆ, ಎಫ್‌ಇ500 ದರ್ಜೆ ಎಂದಿಟ್ಟುಕೊಳ್ಳಿ. ರೂಮಿನ ನಡುವೆ ಸ್ಲ್ಯಾಬು ಕೆಳಕ್ಕೆ ಬಾಗಲು ನೋಡಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಿಗ್ಗುವುದನ್ನು ತಡೆಯುವುದು ಕಂಬಿ. ಒತ್ತಡವನ್ನು ಹೊರುವುದು ಮೇಲಿನ ಕಾಂಕ್ರೀಟು. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456ರ ಸೂತ್ರದಲ್ಲಿ ಈ ಸ್ಲ್ಯಾಬಿಗೆ ಲೆಕ್ಕ ಹಾಕಿದರೆ, ಪೂರ್ತಿ ಬಲಕ್ಕೆ ಬಂದಾಗ ಒತ್ತಡ ಹೊರುವ ಪಟ್ಟಿ ಮೇಲಿನ 20 ಮಿ.ಮೀ. ಮಾತ್ರ. ಅದರ ಕೆಳಗಿನ ಕಾಂಕ್ರೀಟು ಬಾಗುವಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಕಂಬಿಯನ್ನು ಅದರ ಜಾಗದಲ್ಲಿ ಹಿಡಿಯುವುದು, ತುಕ್ಕಿನಿಂದ ಕಾಯುವುದು, ಮೇಲಿನ ಪದರಕ್ಕೂ ಕೆಳಗಿನ ಕಂಬಿಗೂ ಬಲ ದಾಟಿಸುವುದು ಅದರ ಕೆಲಸ.

ಕೇರಳದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ಪ್ರಚಾರಕ್ಕೆ ತಂದ ಫಿಲ್ಲರ್ ಸ್ಲ್ಯಾಬಿನ ಆಧಾರವೂ ಇದೇ. ಲೆಕ್ಕಕ್ಕೆ ಬಾರದ ಕೆಳಗಿನ ಕಾಂಕ್ರೀಟಿನ ಜಾಗದಲ್ಲಿ ಮಂಗಳೂರು ಹೆಂಚು ಇಟ್ಟು ಸಿಮೆಂಟನ್ನೂ ತೂಕವನ್ನೂ ಉಳಿಸುವುದು. ಹೆಂಚು ಕೂರುವುದು ಕಂಬಿಗಳ ನಡುವಿನ ಚೌಕಗಳಲ್ಲಿ. ಕಂಬಿಯ ಸುತ್ತ ಗಟ್ಟಿ ಕಾಂಕ್ರೀಟು ಇದ್ದೇ ಇರುತ್ತದೆ. ಅಂಥ ಸೂರುಗಳು ದಶಕಗಳಿಂದ ನಿಂತಿವೆ. ಹಾಗಿರುವಾಗ ದಪ್ಪದ ನಡುವೆ ಹಾದುಹೋದ ಒಂದು 25 ಮಿ.ಮೀ. ಪೈಪಿಗೆ ಹೆದರಬೇಕಾಗಿಲ್ಲ. ಬಿರುಕು ಬಿಡದ ಸ್ಲ್ಯಾಬಿನಲ್ಲಿ ಆ ಪೈಪಿನಿಂದ ಬಿಗುಪು (ಬಾಗದೆ ನಿಲ್ಲುವ ಗುಣ) ಕಡಿಮೆಯಾಗುವುದು ಪೈಪಿರುವ ಜಾಗದಲ್ಲೂ ಶೇಕಡ ಒಂದಕ್ಕಿಂತ ಕಡಿಮೆ. 25ನ್ನು 125ರಿಂದ ಭಾಗಿಸಿದರೆ 0.2. ಅದನ್ನು ಮೂರು ಸಲ ಇಟ್ಟು ಗುಣಿಸಿ (0.2 × 0.2 × 0.2) ನೋಡಿ, 0.008, ಅಂದರೆ ಶೇಕಡ 0.8 ಬರುತ್ತದೆ. ಗೋಡೆಯ ಹತ್ತಿರ ಬರುವ ಶಿಯರ್ ಒತ್ತಡವೂ (ಕತ್ತರಿಸುವಂತೆ ಜಾರಿಸುವ ಬಲ) ಇಂಥ ಮನೆಯ ಸ್ಲ್ಯಾಬಿನಲ್ಲಿ ಚದರ ಮಿ.ಮೀ.ಗೆ 0.16 ನ್ಯೂಟನ್‌ನಷ್ಟು. ಕಾಂಕ್ರೀಟು ತಾಳುವುದು ಅದರ ಮೂರು ಪಟ್ಟು. ಒಂಟಿ ಪೈಪಿನ ಮಟ್ಟಿಗೆ ಭಾವನವರನ್ನು ಸಮಾಧಾನಪಡಿಸಬಹುದು.

ತೊಂದರೆ ಕೊಡುವುದು ಕಂಬಿಯನ್ನು ಜಾಗ ಬಿಡಿಸಿದ ಪೈಪು. ನಮ್ಮ ಕಡೆ ಬಾರ್ ಬೆಂಡರ್ ಮೇಲಿನದೂ ಕೆಳಗಿನದೂ ಕಂಬಿ ಕಟ್ಟಿ ಮುಗಿಸಿ ಹೊರಟ ಮೇಲೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಪೈಪು ತೂರಿಸಲು ಜಾಗ ಇರುವುದಿಲ್ಲ. ಸೆಂಟ್ರಿಂಗ್ ಹಲಗೆಗೂ ಕೆಳಗಿನ ಕಂಬಿಗೂ ನಡುವೆ ತುರುಕುತ್ತಾನೆ, ಕಂಬಿ 25 ಮಿ.ಮೀ. ಮೇಲೇಳುತ್ತದೆ. ಮೇಲೆ ಹೇಳಿದ ಸ್ಲ್ಯಾಬಿನಲ್ಲಿ ಕಂಬಿ ಸರಿಯಾದ ಜಾಗದಲ್ಲಿದ್ದಾಗ ಮೀಟರ್ ಅಗಲಕ್ಕೆ ಸುಮಾರು 13.5 ಕಿಲೋನ್ಯೂಟನ್-ಮೀಟರ್ ಬಾಗುಬಲ ತಾಳುತ್ತದೆ. ಸ್ವಂತ ತೂಕ, ಫ್ಲೋರಿಂಗ್, ಜನರ ಭಾರ ಎಲ್ಲಕ್ಕೂ ಒಂದೂವರೆ ಪಟ್ಟು ಸುರಕ್ಷತೆ ಸೇರಿಸಿದರೆ ಬೇಕಾದದ್ದು ಸುಮಾರು 12. ಕಂಬಿ 25 ಮಿ.ಮೀ. ಮೇಲಕ್ಕೆ ಹೋದರೆ ತಾಳುವ ಬಲ 9.8ಕ್ಕೆ ಇಳಿಯುತ್ತದೆ, ಶೇಕಡ 27ರಷ್ಟು ನಷ್ಟ. ಮಾರನೆಯ ದಿನ ಸ್ಲ್ಯಾಬು ಬಿದ್ದುಹೋಗುವುದಿಲ್ಲ, ದಿನನಿತ್ಯದ ಭಾರಕ್ಕೆ ಬೇಕಾದದ್ದು 8ರ ಆಸುಪಾಸು. ಆದರೆ ನೀವು ದುಡ್ಡು ಕೊಟ್ಟು ಹಾಕಿಸಿದ ಸುರಕ್ಷತೆಯ ಅಂಚನ್ನು ಅಗ್ಗದ ಪೈಪೊಂದು ತಿಂದುಬಿಟ್ಟಿರುತ್ತದೆ. ಸೀಲಿಂಗಿಗೆ ಬಿರುಕು ಬೇಗ ಬರುತ್ತದೆ, ಜೋಲು ಹೆಚ್ಚಾಗುತ್ತದೆ.

ಅದಕ್ಕೇ ಪೈಪು ಕೆಳಗಿನ ಕಂಬಿಯ ಮೇಲೆ, ಮೇಲಿನ ಕಂಬಿಯ ಕೆಳಗೆ ಇರಬೇಕು. ಅಮೆರಿಕದ ಎಸಿಐ 318 ಸಂಹಿತೆಯ 2011ರ ಆವೃತ್ತಿ ಇದನ್ನು ಚೊಕ್ಕವಾಗಿ ಹೇಳಿತ್ತು: ಕಂಬಿಯನ್ನು ಕತ್ತರಿಸುವ, ಬಗ್ಗಿಸುವ, ಜಾಗ ಬಿಡಿಸುವ ಅಗತ್ಯ ಬಾರದಂತೆ ಪೈಪು ಹಾಕಬೇಕು. ಎಂಜಿನಿಯರ್ ನಕ್ಷೆ ನೋಡಿ ಒಪ್ಪದಿದ್ದರೆ ಪೈಪಿನ ಹೊರವ್ಯಾಸ ಸ್ಲ್ಯಾಬಿನ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಪೈಪಿನ ನಡುವಿನಿಂದ ಪಕ್ಕದ ಪೈಪಿನ ನಡುವಿಗೆ ವ್ಯಾಸದ ಮೂರು ಪಟ್ಟು ದೂರ ಇರಬೇಕು. ನಿಮ್ಮ ಸ್ಲ್ಯಾಬಿಗೆ ಮೂರನೇ ಒಂದು ಭಾಗ ಎಂದರೆ 41 ಮಿ.ಮೀ. 25 ಮಿ.ಮೀ. ಪೈಪಿಗೆ ದೂರ 75 ಮಿ.ಮೀ., ಅಂದರೆ ಎರಡು ಪೈಪಿನ ನಡುವೆ 50 ಮಿ.ಮೀ. ಖಾಲಿ ಜಾಗ. ಬೇರೆ ದೇಶದ ಸಂಹಿತೆಯಾದರೂ ನಮ್ಮ ಸೈಟುಗಳಲ್ಲಿ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವ ಎಂಜಿನಿಯರುಗಳು ಬಹಳ, ನಾನೂ ಅದನ್ನೇ ಹಿಡಿಯುತ್ತೇನೆ.

ಈಗ ಡಿಬಿಯ ಹತ್ತಿರದ ಗೊಂಚಲಿಗೆ ಬನ್ನಿ. ನಿಮ್ಮ ಮನೆಯಲ್ಲಿ ನಿಜವಾಗಿ ಕೈ ಹಾಕಬೇಕಾದ ಜಾಗ ಇದು.

ಹನ್ನೆರಡು ಪೈಪು ಒಂದಕ್ಕೊಂದು ತಾಗಿ ಮಲಗಿದರೆ 300 ಮಿ.ಮೀ. ಅಗಲದ ಒಂದು ಪ್ಲಾಸ್ಟಿಕ್ ಹಾಳೆಯನ್ನೇ ಸ್ಲ್ಯಾಬಿನ ನಡುವೆ ತೂರಿಸಿದಂತೆ. ಜಲ್ಲಿ ಅವುಗಳ ನಡುವೆ ಇಳಿಯುವುದಿಲ್ಲ. ಕೆಳಗೆ ಬರಿ ಸಿಮೆಂಟು ನೀರು ಸೋಸಿ ಹೋಗಿ, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂಥ ತೂತುಗಳು ಕಾಣುತ್ತವೆ. ಅದು ಕಣ್ಣಿಗೆ ಬೀಳುವ ದೋಷ. ಬೀಳದಿರುವ ದೋಷ ಇನ್ನೂ ಕೆಟ್ಟದ್ದು. ಆ ಪಟ್ಟಿಯಲ್ಲಿ ಮೇಲಿನ 50 ಮಿ.ಮೀ., ಕೆಳಗಿನ 50 ಮಿ.ಮೀ. ಬೇರೆಬೇರೆಯಾಗಿ, ಒಂದರ ಮೇಲೊಂದು ಸುಮ್ಮನೆ ಇಟ್ಟ ಎರಡು ಹಲಗೆಯ ಹಾಗೆ ಬಾಗುತ್ತವೆ. ಬಿಗುಪು ದಪ್ಪದ ಘನಕ್ಕೆ ತಕ್ಕಂತೆ ಇರುವುದರಿಂದ ಎರಡು ತೆಳು ಪದರ ಸೇರಿದರೂ ಇಡೀ ಸ್ಲ್ಯಾಬಿನ ಸುಮಾರು ಎಂಟನೇ ಒಂದು ಭಾಗ ಮಾತ್ರ. ಒಂದು ಪೈಪಿಗೆ ಶೇಕಡ ಒಂದೂ ಹೋಗದ ಬಿಗುಪು, ಅದೇ ಪೈಪು ಹನ್ನೆರಡು ಸಾಲಾಗಿ ಕೂಡಿದರೆ ಆ ಜಾಗದಲ್ಲಿ ಎಂಟರಲ್ಲಿ ಏಳು ಭಾಗ ಹೋಗುತ್ತದೆ.

ಅದು ಗೋಡೆಯ ಪಕ್ಕದಲ್ಲೇ ಆಗುವುದು ಇನ್ನೊಂದು ಕಷ್ಟ. ಡಿಬಿ ಗೋಡೆಯಲ್ಲಿ ಕೂರುವುದರಿಂದ ಪೈಪುಗಳೆಲ್ಲ ಅಲ್ಲಿಗೇ ಬರಬೇಕು. ಶಿಯರ್ ಅತಿ ಹೆಚ್ಚು ಇರುವುದು ಅಲ್ಲೇ. ಕ್ರ್ಯಾಂಕ್ ಮಾಡಿದ (ಓರೆಯಾಗಿ ಮೇಲಕ್ಕೆ ಬಗ್ಗಿಸಿದ) ಕಂಬಿ, ಎಕ್ಸ್‌ಟ್ರಾ ಕಂಬಿ ಮೇಲಕ್ಕೆ ಬರುವುದೂ ಅಲ್ಲೇ. ಸ್ಲ್ಯಾಬು ಗೋಡೆ ದಾಟಿ ಆಚೆ ರೂಮಿಗೂ ಮುಂದುವರಿದಿದ್ದರೆ ಗೋಡೆಯ ಮೇಲೆ ಬಾಗು ತಿರುಗುಮುರುಗು: ಹಿಗ್ಗುವುದು ಮೇಲ್ಭಾಗ, ಒತ್ತಿಕೊಳ್ಳುವುದು ಕೆಳಭಾಗ. ಅಲ್ಲಿ ಗೋಡೆಗೆ ಸಮಾನಾಂತರವಾಗಿ ಸೆಂಟ್ರಿಂಗಿನ ಮೇಲೇ ಮಲಗಿಸಿದ ಪೈಪು ಒತ್ತಡ ಹೊರಬೇಕಾದ ಆ 20 ಮಿ.ಮೀ. ಪಟ್ಟಿಯನ್ನೇ ನುಂಗುತ್ತದೆ. ರೂಮಿನ ನಡುವೆ ಕಂಬಿಯ ಜಾಲದ ಮೇಲೆ ಎಳೆದ ಪೈಪಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಒಂದರ ಮೇಲೊಂದು ಹಾಯುವ ಪೈಪುಗಳ ಎತ್ತರವನ್ನೂ ಕೂಡಿಸಿ ನೋಡಿ. ಕೆಳಗೆ 20 ಕವರ್, 8ರ ಎರಡು ಕಂಬಿ, ಒಟ್ಟು 36. ಒಂದು ಪೈಪು ಸೇರಿದರೆ 61, ಆರಾಮ. ಎರಡು ಪೈಪು ಹಾಯ್ದರೆ 86. ಮೇಲಿನ ಕಂಬಿಯ ತಳ 97ರಲ್ಲಿದೆ, ನಡುವೆ 11 ಮಿ.ಮೀ. ಮಾತ್ರ, ಜಲ್ಲಿ ಹೋಗುವುದಿಲ್ಲ. ಮೂರು ಪೈಪು ಹಾಯ್ದರೆ 111. ಆಗ ಕಂಬಿ ಮೇಲೇಳಲೇಬೇಕು, ಅದರ ಮೇಲೆ ಉಳಿಯುವ ಕವರ್ 6 ಮಿ.ಮೀ. ಮೋಲ್ಡ್ ಆದ ಮಾರನೇ ದಿನವೇ ಅಲ್ಲಿ ಗೆರೆ ಎಳೆದಂತೆ ಬಿರುಕು ಬಂದಿರುತ್ತದೆ. ಹಸಿ ಕಾಂಕ್ರೀಟು ತಗ್ಗುವಾಗ ಪೈಪಿನ, ಕಂಬಿಯ ಮೇಲೆ ಮಾತ್ರ ತಗ್ಗಲಾರದೆ ಸೀಳುವುದರಿಂದ ಹಾಗಾಗುತ್ತದೆ. ಮೂರು ಪೈಪು ಒಂದೇ ಜಾಗದಲ್ಲಿ ಹಾಯಲು ಬಿಡಲೇಬೇಡಿ. ಎರಡು ಹಾಯುವುದಿದ್ದರೆ ಮೇಲಿನ ಕಂಬಿ ಇಲ್ಲದ, ರೂಮಿನ ಒಳಭಾಗದಲ್ಲಿ ಹಾಯಲಿ.

ಹಾಗಾದರೆ ಹನ್ನೆರಡು ಪೈಪನ್ನು ಏನು ಮಾಡುವುದು? 75 ಮಿ.ಮೀ.ಗೆ ಒಂದರಂತೆ ಬಿಡಿಸಿದರೆ ಸುಮಾರು 900 ಮಿ.ಮೀ. ಅಗಲ, ಅಂದರೆ 3 ಅಡಿ ಬೇಕು. ಡಿಬಿಯ ಗೋಡೆಯಲ್ಲಿ ಅಷ್ಟು ಅಗಲಕ್ಕೆ ಹರಡಿ ಇಳಿಸಿ, ಸ್ಲ್ಯಾಬಿನ ಕೆಳಗೆ ಗೋಡೆಯ ಗಾಡಿಯಲ್ಲಿ ಡಿಬಿಯತ್ತ ತಿರುಗಿಸಬಹುದು. ಅದಕ್ಕಿಂತ ಸುಲಭ, ಪೈಪುಗಳನ್ನೇ ಕಡಿಮೆ ಮಾಡುವುದು. ಪವರ್ ಪಾಯಿಂಟು, ಟಿವಿ, ಇಂಟರ್‌ನೆಟ್ ಲೈನುಗಳು ಸೂರಿಗೆ ಏರಿ ಮತ್ತೆ ಇಳಿಯಬೇಕೆಂದೇನಿಲ್ಲ, ಗೋಡೆಯಲ್ಲೇ ಅಥವಾ ನೆಲದ ಬೆಡ್‌ನಲ್ಲೇ ಹೋಗಲಿ. ಸೂರಿನಲ್ಲಿ ಫ್ಯಾನು, ದೀಪದ ಪೈಪು ಸಾಕು. ಹಾಲಿಗೆ ಫಾಲ್ಸ್ ಸೀಲಿಂಗ್ ಮಾಡಿಸುವ ಯೋಚನೆ ಇದ್ದರೆ ಅಲ್ಲಿಯ ದೀಪದ ಪೈಪುಗಳೂ ಸ್ಲ್ಯಾಬಿಗೆ ಬೇಡ. ಗೋಡೆಯ ಮೇಲೆ ಬೀಮ್ ಇದ್ದರೆ ಪೈಪುಗಳು ಬೀಮಿನ ರಿಂಗುಗಳೊಳಗೆ ಉದ್ದಕ್ಕೆ ಓಡದೆ ಬೀಮನ್ನು ಅಡ್ಡ ದಾಟಿ ಪಕ್ಕದಲ್ಲಿ ಇಳಿಯಬೇಕು. ಪಿಲ್ಲರಿನೊಳಗಂತೂ ಪೈಪು ಬೇಡವೇ ಬೇಡ. ಮಳೆನೀರಿನ ಪೈಪನ್ನು ಪಿಲ್ಲರಿನಲ್ಲಿ ಬಚ್ಚಿಟ್ಟರೆ ಚೆಂದ ಎಂದು ಯಾರಾದರೂ ಹೇಳಿಯಾರು. ಅದೇ ಎಸಿಐ ಸಂಹಿತೆ ಕಂಬದ ಅಡ್ಡಕೊಯ್ತದ ಶೇಕಡ 4ಕ್ಕಿಂತ ಹೆಚ್ಚು ಪೈಪಿಗೆ ಕೊಡಲು ಒಪ್ಪಿರಲಿಲ್ಲ. 9 ಇಂಚು 12 ಇಂಚಿನ ಪಿಲ್ಲರಿನಲ್ಲಿ 4 ಇಂಚಿನ ಪೈಪು ತಿನ್ನುವುದು ಹೆಚ್ಚುಕಡಿಮೆ ಶೇಕಡ 14.

ಬಾಲ್ಕನಿಯ ಬಗ್ಗೆ ನೀವು ಒಂದು ಮಾತಷ್ಟೇ ಬರೆದಿದ್ದೀರಿ. ನಾನು ಸೈಟಿಗೆ ಬಂದರೆ ಮೊದಲು ಹತ್ತಿ ನೋಡುವುದು ಅಲ್ಲಿಗೇ. ಹೊರಚಾಚಿದ ಸ್ಲ್ಯಾಬಿನ ಜೀವ ಇರುವುದು ಮೇಲಿನ ಕಂಬಿಯಲ್ಲಿ. ರೂಮಿನ ಸ್ಲ್ಯಾಬು ಒಂದು ಕಡೆ ಬಲ ಕಳೆದುಕೊಂಡರೆ ಉಳಿದ ಮೂರು ಗೋಡೆಯತ್ತ ಭಾರ ಹಂಚಿಕೊಂಡು ಹೇಗೋ ನಿಲ್ಲುತ್ತದೆ. ಬಾಲ್ಕನಿಗೆ ಆ ಎರಡನೇ ದಾರಿ ಇಲ್ಲ. ಪೈಪನ್ನು ಮೇಲಿನ ಕಂಬಿಯ ಮೇಲೆ ಹಾಕಿ ಕಟ್ಟಿ, ಅದರ ಮೇಲೆ ನಾಲ್ಕು ಜನ ಓಡಾಡಿ, ಕಂಬಿ 40 ಮಿ.ಮೀ. ಕುಸಿದರೆ, ಮೇಲೆ ಹೇಳಿದ ಕಂಬಿಯ ಲೆಕ್ಕದಲ್ಲೇ ಬಲದ ಶೇಕಡ 40ಕ್ಕೂ ಹೆಚ್ಚು ಹೋಯಿತು. ಕಾಂಕ್ರೀಟು ಬಿದ್ದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಮೇಲಿನ ಕಂಬಿಗೆ ಎರಡು-ಮೂರು ಅಡಿಗೊಂದು ಚೇರ್ (ಕಂಬಿಯನ್ನು ಎತ್ತಿ ಹಿಡಿಯುವ ಆಸರೆ) ಇರಲಿ. ದೀಪವನ್ನು ಬಾಲ್ಕನಿಯ ಸೂರಿನ ಬದಲು ಗೋಡೆಗೆ ಹಾಕಿಸಿದರೆ ಪೈಪಿನ ಗೋಜೇ ಇಲ್ಲ. ಸೂರಿಗೇ ಬೇಕೆಂದರೆ ಒಂದೇ ಒಂದು ಪೈಪು, ಚಾಚಿದ ದಿಕ್ಕಿನಲ್ಲೇ, ಎರಡು ಕಂಬಿಗಳ ನಡುವೆ, ಮೇಲಿನ ಕಂಬಿಗಿಂತ ಕೆಳಗೆ, ಸೆಂಟ್ರಿಂಗಿಗೆ ತಾಗದಂತೆ ಹೋಗಲಿ. ಗೋಡೆಯ ಅಂಚಿಗೆ ಸಮಾನಾಂತರವಾಗಿ ಪೈಪು ಬೇಡ.

ಮೋಲ್ಡ್‌ಗೆ ಇನ್ನೂ ವಾರವಿದೆ ಎಂದಿರಿ, ಸಮಯ ಸಾಕು. ಬಾರ್ ಬೆಂಡರನ್ನೂ ಎಲೆಕ್ಟ್ರಿಷಿಯನ್ನನ್ನೂ ಒಂದೇ ದಿನ ಕರೆಸಿ. ಕೆಳಗಿನ ಜಾಲಕ್ಕೆ ಕವರ್ ಬ್ಲಾಕ್ ಕೊಟ್ಟು ಪೈಪು ಸರಿಪಡಿಸಿದ ಮೇಲೆ ಮೇಲಿನ ಕಂಬಿ ಮತ್ತೆ ಕಟ್ಟಲಿ. ಇಬ್ಬರಿಗೂ ಬೇಸರವಾಗುತ್ತದೆ, ಆಗಲಿ. ಪೈಪನ್ನು ಕಂಬಿಯ ಉದ್ದಕ್ಕೂ ಅಂಟಿಸಿ ಕಟ್ಟಲು ಬಿಡಬೇಡಿ, ಅಷ್ಟುದ್ದ ಕಂಬಿಗೆ ಕಾಂಕ್ರೀಟಿನ ಹಿಡಿತ ತಪ್ಪುತ್ತದೆ. ಕಂಬಿಯನ್ನು ಅಡ್ಡ ಹಾಯ್ದಲ್ಲಿ ಬೈಂಡಿಂಗ್ ವೈರ್ ಹಾಕಲಿ. ಕಟ್ಟದೆ ಬಿಡುವಂತೆಯೂ ಇಲ್ಲ: ಖಾಲಿ 25 ಮಿ.ಮೀ. ಪೈಪನ್ನು ಹಸಿ ಕಾಂಕ್ರೀಟು ಮೀಟರಿಗೆ ಸುಮಾರು ಒಂದು ಕಿಲೋ ಬಲದಿಂದ ಮೇಲಕ್ಕೆ ನೂಕುತ್ತದೆ. ವೈಬ್ರೇಟರ್ ಇಟ್ಟಾಗ ಕಟ್ಟದ ಪೈಪು ತೇಲಿ ಮೇಲಿನ ಒತ್ತಡದ ಪಟ್ಟಿಗೇ ಬಂದು ಕೂರುತ್ತದೆ. ಫ್ಯಾನ್ ಬಾಕ್ಸ್ ಕೂರಿಸಲು ಕಂಬಿ ಕತ್ತರಿಸಿದ್ದರೆ ಅಷ್ಟೇ ಕಂಬಿಯನ್ನು ಬಾಕ್ಸಿನ ಎರಡೂ ಪಕ್ಕ ಉದ್ದವಾಗಿ ಕೊಡಿಸಿ. ಬಾತ್‌ರೂಮಿನ ಪೈಪುಗಳು ಸ್ಲ್ಯಾಬನ್ನು ನೇರ ದಾಟುವ ತೂತುಗಳಿಗೂ ಇದೇ ಕ್ರಮ. ಆ ತೂತುಗಳನ್ನು ಈಗಲೇ ಸ್ಲೀವ್ ಇಟ್ಟು ಬಿಡಿಸಿಕೊಳ್ಳಿ, ಆಮೇಲೆ ಚಾಣ ಹಿಡಿಯುವಂತೆ ಆಗಬಾರದು.

ಪೈಪು ಮೀಡಿಯಂ ಗೇಜಿನದೋ ಹೆವಿಯೋ ಇರಲಿ. ಲೈಟ್ ಗೇಜು ಕಾಲಡಿ ಸಿಕ್ಕರೆ ಚಪ್ಪಟೆ. ಬಾಯಿಗಳನ್ನು ಭದ್ರವಾಗಿ ಮುಚ್ಚಿಸಿ. ಏಕೆಂದರೆ ಸಿಮೆಂಟು ಒಳಹೊಕ್ಕು ಪೈಪು ಕಟ್ಟಿಕೊಂಡಾಗ ನಮ್ಮ ಹುಡುಗರು ಮಾಡುವ ಮೊದಲ ಕೆಲಸ ಸೀಲಿಂಗನ್ನು ಕೆಳಗಿನಿಂದ ಕಟರಿನಲ್ಲಿ ಸೀಳಿ ಹೊಸ ಗಾಡಿ ಹೊಡೆಯುವುದು. 20 ಮಿ.ಮೀ. ಕವರಿನಲ್ಲಿ 25 ಮಿ.ಮೀ. ಪೈಪು ಮುಚ್ಚುವಂತಿಲ್ಲ, ಕಟರ್ ಕಂಬಿಯನ್ನು ಮುಟ್ಟಿಯೇ ಮುಟ್ಟುತ್ತದೆ. ಸ್ಲ್ಯಾಬಿನಲ್ಲಿ ಹುದುಗಿಸಿದ ಯಾವ ಪೈಪಿಗಿಂತಲೂ ಆಮೇಲೆ ಹೊಡೆದ ಆ ಗಾಡಿ ಕೆಡುಕು. ಯಾವುದಾದರೂ ಪೈಪು ಕಟ್ಟಿಕೊಂಡರೆ ಆ ಒಂದು ಲೈನನ್ನು ಗೋಡೆಯ ಮೂಲಕವೋ ಕೇಸಿಂಗ್ ಪಟ್ಟಿಯಲ್ಲೋ ತೆಗೆದುಕೊಂಡು ಹೋಗಿ. ನೋಡಲು ಅಷ್ಟು ಚೆಂದವಿರುವುದಿಲ್ಲ, ಇರಲಿ.

ಮೇಸ್ತ್ರಿಯ 6 ಇಂಚಿನ ಮಾತು ಉಳಿಯಿತು. ಒಂದು ಇಂಚು ಹೆಚ್ಚಿಸಿದರೆ ಕಂಬಿಯ ಆಳ ಹೆಚ್ಚಿ ಬಲ ಕಾಲುಭಾಗದಷ್ಟು ಏರುತ್ತದೆ, ಪೈಪುಗಳು ಹಾಯಲು ಜಾಗವೂ ಸಿಗುತ್ತದೆ, ನಿಜ. ಆದರೆ ಸಾವಿರ ಚದರಡಿಗೆ ಸುಮಾರು 2.3 ಘನ ಮೀಟರ್ ಕಾಂಕ್ರೀಟು, ಹತ್ತಿರ ಹತ್ತಿರ 6 ಟನ್ ತೂಕ ಹೆಚ್ಚುತ್ತದೆ. ಅದನ್ನು ಬೀಮು, ಪಿಲ್ಲರು, ಪಾಯ ಹೊರಬೇಕು. ಅವು ಈಗಾಗಲೇ 5 ಇಂಚಿನ ಲೆಕ್ಕದಲ್ಲಿ ಆಗಿಹೋಗಿವೆ. ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಸರಿ ಎಂದರೆ ಮಾತ್ರ ಮಾಡಿ. ಪೈಪು ಅಂಟಿಕೊಂಡೇ ಮಲಗಿದ್ದರೆ, ಕಂಬಿ ಜಾಗ ಬಿಟ್ಟಿದ್ದರೆ 6 ಇಂಚಿನಲ್ಲೂ ಅದೇ ಕಥೆ. ಬಿಡಿಸಿ ಹಾಕಿದರೆ ನಿಮ್ಮ ಹತ್ತಡಿ ರೂಮಿಗೆ 5 ಇಂಚೇ ಸಾಕು.

ಕಾಂಕ್ರೀಟು ಹಾಕುವ ಬೆಳಿಗ್ಗೆ, ಪ್ರತಿ ರೂಮಿನ ಪೈಪುಗಳ ಮೇಲೆ ಟೇಪು ಹಿಡಿದು, ಗೋಡೆಯಿಂದ ಎಷ್ಟು ದೂರ ಎಂದು ಕಾಣುವಂತೆ ಫೋಟೋ ತೆಗೆದಿಡಿ. ಮುಂದೆ ಫಾಲ್ಸ್ ಸೀಲಿಂಗಿನವನೋ ಜೋಕಾಲಿಯ ಕೊಂಡಿ ಹಾಕುವವನೋ ಡ್ರಿಲ್ ಹಿಡಿದು ಬಂದಾಗ ಅದನ್ನು ತೋರಿಸಬಹುದು.